ಹೊರಡುವ ದಿನ ಸಾಯುವ ಬ್ಯಾಟರಿ

ಡ್ರೈವರಣ್ಣ ನನ್ನ ಅಂಗಡಿಗೆ ಬ್ಯಾಟರಿ ತರುತ್ತಿದ್ದ ರೀತಿಯೇ ಬೇರೆ. ಬೇರೆಯವರು ಅದನ್ನು ಕೌಂಟರ್ ಮೇಲೆ ಕುಕ್ಕಿ, ತಯಾರಿಸಿದವರ ವಂಶವನ್ನೆಲ್ಲ ಬೈದು, ಆಮೇಲೆ ಮಾತಿಗೆ ಬರುತ್ತಾರೆ. ಇವರು ಹಳೆಯ ಟವಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ತಂದವರ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ನಿನ್ನೆ ಸಾಯಂಕಾಲ ಚೆನ್ನಾಗೇ ಇತ್ತು ಸಾಹುಕಾರ್ರೆ. ಬೆಳಿಗ್ಗೆ ನೋಡಿದ್ರೆ ಉಸಿರೇ ಇಲ್ಲ."

ನಾನು ಚಾರ್ಜಿಗೆ ಹಾಕಿ, ತುಂಬಿದ ಮೇಲೆ ಲೋಡ್ ಕೊಟ್ಟು ನೋಡುತ್ತಿದ್ದೆ. ಬ್ಯಾಟರಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಒಯ್ದು ಕೂರಿಸಿದರೆ ಕೆಲವು ದಿನ ಸರಿಯಾಗಿ ಓಡುವುದು, ಮತ್ತೊಂದು ಬೆಳಿಗ್ಗೆ ಟವಲಿನಲ್ಲಿ ವಾಪಸ್ಸು. ಹೀಗೇ ನಡೆದಾಗ ವ್ಯಾಪಾರಿಯಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ, ಹೊಸದೊಂದನ್ನು ಮಾರಿದೆ. ಅದೂ ಟವಲಿನಲ್ಲಿ ಸುತ್ತಿಸಿಕೊಂಡು ಬಂದಾಗ ಮಾತ್ರ ಇದು ನನ್ನ ಸರಕಿನ ತಪ್ಪಲ್ಲ ಎಂದು ಖಾತ್ರಿಯಾಯಿತು. ಬೇರೆಯವರ ತಪ್ಪು ಎಂದು ಗೊತ್ತಾದ ಮೇಲೆ ನನಗೆ ಯಾವತ್ತೂ ಕುತೂಹಲ ಜಾಸ್ತಿ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಇಡೀ ಆಯುಷ್ಯ ಸಿಟಿ ಬಸ್ಸು ಓಡಿಸಿದ ಮನುಷ್ಯ ರಿಟೈರಾದ ಮೇಲೆ ಕೊಂಡಿದ್ದು ಸ್ಪೋರ್ಟ್ಸ್ ಕಾರು. ಹಳದಿ ಬಣ್ಣ, ಉದ್ದ ಮೂಗು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಎಷ್ಟನೇ ಕೈಯಿಂದ ಬಂದದ್ದು ಅಂತ ಕಾರಿಗೂ ನೆನಪಿದ್ದಂತಿರಲಿಲ್ಲ. ಬಸ್ಸಿನ ಎತ್ತರದ ಸೀಟಿನಲ್ಲಿ ಕೂತು ಊರನ್ನೆಲ್ಲ ಮೇಲಿಂದ ನೋಡಿದವರು ಈಗ ನಾಯಿಗಳ ಕಣ್ಣಿಗೆ ಕಣ್ಣು ಕೊಟ್ಟು ಓಡಾಡುತ್ತಿದ್ದರು. ವೇಗ ಮಾತ್ರ ಹಳೆಯದೇ. ಸೈಕಲ್ಲಿನವರು ಗಂಟೆ ಬಾರಿಸಿ ದಾಟಿಕೊಂಡು ಹೋಗುತ್ತಿದ್ದರು. ಖಾಲಿ ಬಸ್ ಸ್ಟಾಪ್ ಕಂಡರೂ ಇವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು.

ಮನೆಯಲ್ಲಿ ಅವರು ಮತ್ತು ಅವರ ತಂಗಿ, ಇಬ್ಬರೇ. ತಂಗಿ ಹೊಲಿಗೆ ಕೆಲಸದವರು, ಬಾಯಿ ಅವರ ಕತ್ತರಿಗಿಂತ ಹರಿತ. "ಈ ವಯಸ್ಸಿಗೆ ಇದೊಂದು ಶೋಕಿ. ಒಳಗೆ ಹೋಗೋಕೆ ಮಲಗಬೇಕು, ಹೊರಗೆ ಬರೋಕೆ ಯಾರಾದ್ರೂ ಎಳೀಬೇಕು" ಎಂದು ನನ್ನೆದುರಿಗೇ ಹೇಳಿದರು. "ಹಿಂದಿನ ಸೀಟಾದ್ರೂ ಇದೆಯಾ? ಮೂರನೆಯವರು ಬಂದರೆ ಡಿಕ್ಕಿಯಲ್ಲಿ ತುಂಬಬೇಕು."

"ಹಿಂದೆ ಸೀಟಿಲ್ಲ ಅಂತಾನೇ ತಗೊಂಡಿದ್ದು," ಎಂದರು ಡ್ರೈವರಣ್ಣ. ಅಷ್ಟು ಹೇಳಿ ಬಾನೆಟ್ ಒರೆಸತೊಡಗಿದರು. ಆವತ್ತು ನನಗೆ ಅದರ ತಲೆಬುಡ ಅರ್ಥವಾಗಲಿಲ್ಲ.

ಹೊಸ ಬ್ಯಾಟರಿಯೂ ಸತ್ತಾಗ ನಾನು ಮೀಟರಮ್ಮನನ್ನು ಕರೆಸಿದೆ. ನಮ್ಮ ಬೀದಿಯ ಕೊನೆಯಲ್ಲಿ ವೈರಿಂಗ್ ಕೆಲಸದ ಶೆಡ್ ನಡೆಸುವ ಹೆಣ್ಣುಮಗಳು. ಕೊರಳಲ್ಲಿ ಸದಾ ಕರೆಂಟು ಅಳೆಯುವ ಒಂದು ಮೀಟರ್ ನೇತಾಡುತ್ತಿರುತ್ತದೆ, ಆ ಹೆಸರು ಹಾಗೆ ಬಂದದ್ದು. ಕೆಲಸ ಚೊಕ್ಕ, ಅಹಂಕಾರವೂ ಅಷ್ಟೇ ಚೊಕ್ಕ. ಕಾರನ್ನು ಒಂದು ಸುತ್ತು ಹಾಕಿ ನೋಡಿ, "ನಿಮಗೆ ಬಸ್ಸಿಂದ ಇಳಿಯೋದು ಅಂದ್ರೆ ಇಷ್ಟು ಕೆಳಗಾ ಅಣ್ಣಾ?" ಎಂದಳು.

"ಕೆಲಸ ನೋಡು ತಾಯಿ," ಎಂದರು ಇವರು.

ಇಂಜಿನ್ ಓಡಿಸಿ, ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿದಳು. ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸಬೇಕಾದ ಮುಳ್ಳು ಹೆಡ್‌ಲೈಟ್ ಹಾಕಿದ ಕೂಡಲೇ ಹನ್ನೆರಡಕ್ಕೆ ಕುಸಿಯಿತು. "ಸಿಕ್ಕಿಬಿತ್ತು. ಆಲ್ಟರ್ನೇಟರ್ ಸೋಮಾರಿಯಾಗಿದೆ. ಓಡುವಾಗ ತುಂಬಬೇಕು, ಇದು ತುಂಬ್ತಾನೇ ಇಲ್ಲ." ನನ್ನ ಗೋಡೌನಿನಲ್ಲಿ ಆ ಅಳತೆಯದೇ ಒಂದು ಇತ್ತು. ಇದ್ದದ್ದು ಅವರ ಪುಣ್ಯವೋ ನನ್ನ ಪುಣ್ಯವೋ, ಯಾರೂ ಚರ್ಚೆ ಮಾಡಲಿಲ್ಲ. ಹೊಸದು ಕೂತಿತು, ಬೆಲ್ಟ್ ಬಿಗಿಯಾಯಿತು, ಮುಳ್ಳು ಹದಿನಾಲ್ಕು ದಾಟಿ ಅಲ್ಲಾಡದೆ ನಿಂತಿತು. ಮೀಟರಮ್ಮ ಕೈ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋದಳು.

ಸ್ವಲ್ಪ ದಿನ ಟವಲು ಕಾಣಲಿಲ್ಲ. ಆಮೇಲೆ ಒಂದು ಸೋಮವಾರ ಮತ್ತೆ ಬಾಗಿಲಲ್ಲಿ ನಿಂತಿತ್ತು.

ಮೀಟರಮ್ಮನ ಮುಖ ನೋಡಬೇಕಿತ್ತು. ತಾನು ಕೈಯಾಡಿಸಿದ ಮೇಲೂ ಕಾರು ಮಾತು ಕೇಳಲಿಲ್ಲ ಎಂದರೆ ಆಕೆಗೆ ಅದು ಮನೆತನಕ್ಕೆ ಬಂದ ಅವಮಾನ. ಈ ಸಲ ಡ್ರೈವರಣ್ಣನ ಮನೆ ಮುಂದೆ, ಕಾರು ನಿಂತಿದ್ದಾಗಲೇ ಪರೀಕ್ಷೆ. ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ನಡುವೆ ಮೀಟರ್ ಸೇರಿಸಿ, ಬಾಗಿಲು ಮುಚ್ಚಿ ಕಾದಳು. ಕೀಲಿ ತೆಗೆದ ಮೇಲೂ ಕರೆಂಟನ್ನು ಯಾರು ಕದ್ದು ಕುಡಿಯುತ್ತಿದ್ದಾರೆ ಅಂತ ಹಿಡಿಯುವ ಉಪಾಯ ಇದು. ಗಡಿಯಾರಕ್ಕೂ ರೇಡಿಯೋ ನೆನಪಿಗೂ ಬೇಕಾದ ಚೂರುಪಾರು ಬಿಟ್ಟರೆ ಮುಳ್ಳು ಸೊನ್ನೆಗೆ ಅಂಟಿಕೊಂಡಿತ್ತು.

"ನನ್ನೆದುರಿಗೆ ಒಳ್ಳೇ ಹುಡುಗಿ ಥರ ಇರುತ್ತೆ," ಎಂದಳು. "ಅಣ್ಣಾ, ನೀವೇ ಲೈಟ್ ಆರಿಸೋಕೆ ಮರೀತಿದ್ದೀರಿ."

ಡ್ರೈವರಣ್ಣನಿಗೆ ಕೋಪ ಬರುವುದು ಅಪರೂಪ. ಬಂದರೆ ಸದ್ದಿಲ್ಲದೆ ಬರುತ್ತದೆ. "ಡಿಪೋದಲ್ಲಿ ಯಾರನ್ನಾದ್ರೂ ಕೇಳು. ನನ್ನ ಬಸ್ಸಿನ ಒಂದು ಬಲ್ಬೂ ಸುಮ್ಮನೆ ಉರಿದಿಲ್ಲ," ಎಂದು ಹೇಳಿ ಒಳಗೆ ಹೋದರು.

ಬಾಗಿಲ ಬಳಿ ಗುಂಡಿ ಹಚ್ಚುತ್ತಿದ್ದ ತಂಗಿ ಸೂಜಿಯಿಂದ ತಲೆಯೆತ್ತದೆ ಮಾತಾಡಿದರು. "ಅದು ದಿನಾ ಸಾಯಲ್ಲಮ್ಮ. ಅಣ್ಣ ಹೊರಡ್ತೀನಿ ಅಂದ ದಿನವೇ ಸಾಯೋದು."

"ಎಲ್ಲಿಗೆ ಹೊರಡ್ತಾರೆ?"

"ಸೇತುವೆ ದಾಟಿ ಆಚೆ ಊರಿಗೆ. ಶನಿವಾರ ಬಂತು ಅಂದ್ರೆ ಶುರು. ಕಾರು ತೊಳಿಯೋದೇನು, ಒಳಗೆಲ್ಲ ಒರೆಸೋದೇನು, ಷರ್ಟಿಗೆ ನನ್ನ ಹತ್ರ ಇಸ್ತ್ರಿ ಹಾಕಿಸ್ಕೊಳ್ಳೋದೇನು. ಭಾನುವಾರ ಬೆಳಿಗ್ಗೆ ಕೀಲಿ ತಿರುಗಿಸಿದ್ರೆ ಟಿಕ್ ಅನ್ನುತ್ತೆ, ಅಷ್ಟೇ. ಷರ್ಟು ಬಿಚ್ಚಿ ಗೂಟಕ್ಕೆ ಹಾಕ್ತಾನೆ. ಹೋಗೋ ಮನಸ್ಸು ಮಾಡದ ವಾರ ಏನೂ ಆಗಲ್ಲ, ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುತ್ತೆ ನಿನ್ನ ಒಳ್ಳೇ ಹುಡುಗಿ."

ಆಚೆ ಊರಲ್ಲಿ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆ ರೂಟಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿದ್ದ ಸಂಗತಿ, ಡ್ರೈವರಣ್ಣನನ್ನೂ ಅವರು ನೋಡಲು ಹೊರಟವರನ್ನೂ ಬಿಟ್ಟು.

ಡ್ರೈವರಣ್ಣನ ಬಸ್ಸಿನ ಕಂಡಕ್ಟರ್ ಒಬ್ಬರು ಹೆಂಗಸು. ಬೇಗ ಗಂಡನನ್ನು ಕಳಕೊಂಡು, ಆ ಕೆಲಸ ಹಿಡಿದು, ಮಗಳನ್ನು ಓದಿಸಿದವರು. ವರ್ಷಾನುಗಟ್ಟಲೆ ಇವರಿಬ್ಬರದು ಒಂದೇ ಬಸ್ಸು, ಒಂದೇ ಪಾಳಿ. ಆಕೆ ಹಿಂದಿನ ಬಾಗಿಲ ಪಕ್ಕ, ಇವರು ಮುಂದೆ ಸ್ಟೀರಿಂಗಿಗೆ. ನಡುವೆ ನಿಂತ ಜನ, ನೇತಾಡುವ ಚೀಲ, ಬುಟ್ಟಿ, ಕೋಳಿ. ಮಾತುಕತೆಯೆಲ್ಲ ಗಂಟೆಯ ಮೂಲಕ. ಹಿಂದೆ ಆಕೆ ಗುಂಡಿ ಒತ್ತಿದರೆ ಇವರ ತಲೆಯ ಮೇಲೆ ಗಂಟೆ ಬಾರಿಸುತ್ತಿತ್ತು. ಒಂದು ಗಂಟೆ ಎಂದರೆ ನಿಲ್ಲಿಸಬೇಕು, ಎರಡು ಎಂದರೆ ಹೊರಡಬೇಕು. ಡ್ರೈವರಣ್ಣ ಆಕೆಯನ್ನು ಕಂಡದ್ದು ಹೆಚ್ಚಾಗಿ ತಲೆಯ ಮೇಲಿನ ಕನ್ನಡಿಯಲ್ಲಿ. ಡಿಪೋದಲ್ಲಿ ಎದುರಿಗೇ ಸಿಕ್ಕರೆ ಇವರ ಕಣ್ಣು ನೆಲದಲ್ಲಿ ಏನೋ ಕಳಕೊಂಡವರ ಹಾಗೆ ಹುಡುಕಾಡುತ್ತಿತ್ತು. ನಾನೂ ಆ ಬಸ್ಸಿನ ಗಿರಾಕಿಯೇ. ಕನ್ನಡಿ ನೋಡುತ್ತ ಇವರು ಒಂದು ಸಲ ಸಿಗ್ನಲ್ ಬಿಟ್ಟದ್ದೂ ಗೊತ್ತಿಲ್ಲದೆ ನಿಂತಿದ್ದರು, ಹಿಂದಿನಿಂದ ಎರಡು ಗಂಟೆ ಬಂದ ಮೇಲೆ ಎಚ್ಚರವಾಯಿತು.

ಆಕೆ ರಿಟೈರಾಗಿ ಆಚೆ ಊರಿಗೆ ಹೋಗುವ ದಿನ ಡಿಪೋದ ಬೆಂಚಿನ ಮೇಲೆ ಟೀ ಕುಡಿಯುತ್ತ ಹೇಳಿದ ಮಾತಂತೆ ಇದು: "ಇಷ್ಟು ವರ್ಷ ನಿಮ್ಮ ಬೆನ್ನು ನೋಡಿದ್ದಾಯ್ತು ಡ್ರೈವರ್ರೆ. ಒಂದು ದಿನ ಪಕ್ಕದಲ್ಲಿ ಕೂತು ರಸ್ತೆ ನೋಡಬೇಕು." ಹೋಗುವವರು ಹೀಗೆ ಏನಾದರೂ ಹೇಳುತ್ತಾರೆ, ಇರುವವರು ನಕ್ಕು ಮರೆಯುತ್ತಾರೆ. ಇವರು ಮರೆಯುವ ಬದಲು ಹೋಗಿ ಎರಡೇ ಸೀಟಿನ ಕಾರು ಕೊಂಡರು.

ಮುಂದಿನ ಶನಿವಾರ ಸಾಯಂಕಾಲ ಮೀಟರಮ್ಮ ಹೇಳದೆ ಕೇಳದೆ ಅವರ ಮನೆಗೆ ಹೋದಳು. ತಮಾಷೆ ತಪ್ಪಿಸಿಕೊಳ್ಳುವ ಜಾತಿಯವನಲ್ಲ ನಾನು, ಅಂಗಡಿಯ ಷಟರ್ ಎಳೆದು ಹಿಂದೆಯೇ ಹೋದೆ. ಕಾರು ಮಿರಮಿರ ಮಿಂಚುತ್ತಿತ್ತು. ಪಕ್ಕದ ಸೀಟಿಗೆ ಹೊಸ ಕವರು, ಹೊಲಿಗೆ ನೋಡಿದರೆ ತಂಗಿಯದೇ ಕೈ. ಬೈಯುತ್ತಲೇ ಹೊಲಿದುಕೊಟ್ಟಿದ್ದರು.

ಮೀಟರ್ ಸೇರಿಸಿದ ಕೂಡಲೇ ಮುಳ್ಳು ಎದ್ದು ನಿಂತಿತು.

"ಬಂದ್ಯಾ ದಾರಿಗೆ," ಎಂದಳು ಮೀಟರಮ್ಮ. ಆಮೇಲೆ ಒಂದೊಂದೇ ಫ್ಯೂಸ್ ಕೀಳತೊಡಗಿದಳು. ಯಾವ ಫ್ಯೂಸ್ ಕಿತ್ತಾಗ ಮುಳ್ಳು ಬೀಳುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ ಎಂದು ಲೆಕ್ಕ. ರೇಡಿಯೋದ್ದು ಕಿತ್ತಳು, ದೀಪದ್ದು, ಹಾರನ್ನಿನದು, ವೈಪರಿನದು. ಮುಳ್ಳು ಕದಲಲಿಲ್ಲ. ಆಲ್ಟರ್ನೇಟರ್ ವೈರನ್ನೂ ಬಿಚ್ಚಿದಳು, ಊಹೂಂ. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡಳು.

"ಎಲ್ಲಾ ಕಿತ್ತರೂ ಕುಡೀತಿದೆ ಅಂದ್ರೆ ಫ್ಯೂಸ್ ಇಲ್ಲದ ವೈರು ಯಾವುದೋ ಸೀದಾ ಬ್ಯಾಟರಿಗೇ ಬಾಯಿ ಹಾಕಿದೆ. ಇದಕ್ಕೆ ಬೇರೆ ಯಾರು ಕೈ ಹಾಕಿದ್ದು ಅಣ್ಣಾ?"

"ಯಾರೂ ಇಲ್ಲ."

"ಹೊಸದಾಗಿ ಏನಾದ್ರೂ ಹಾಕಿಸಿದ್ರಾ?"

"ಇಲ್ಲಮ್ಮ." ಹೇಳಿದ ಬಾಯಿಗೂ ಮುಖಕ್ಕೂ ಹೊಂದಾಣಿಕೆ ಇರಲಿಲ್ಲ. ಸುಳ್ಳು ಹೇಳುವ ಗಿರಾಕಿಗಳ ಮುಖ ನೋಡಿಯೇ ನನ್ನ ಕೂದಲು ಹಣ್ಣಾಗಿದ್ದು. ಇವರಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ಕಂಡಿರಲಿಲ್ಲ.

ಮೀಟರಮ್ಮ ಬ್ಯಾಟರಿಯ ಬುಡದಲ್ಲಿ ಟಾರ್ಚು ಬಿಟ್ಟಳು. ಪ್ಲಸ್ ತುದಿಯಿಂದ ಒಂದು ಸಣ್ಣ ಕೆಂಪು ವೈರು ಹೊರಟು, ಒಳಗಿನ ಚಾಪೆಯ ಕೆಳಗೆ ನುಸುಳಿತ್ತು. ಅವಳು ಬೆರಳಿನಿಂದ ಅದನ್ನು ಹಿಂಬಾಲಿಸುತ್ತ ಹೋದಳು.

"ಅದು ಬೇಡ ತಾಯಿ. ಅದು ಕೆಲಸ ಮಾಡಲ್ಲ. ಕೆಟ್ಟುಹೋಗಿರೋದು," ಎಂದರು ಡ್ರೈವರಣ್ಣ.

ಅವಳ ಕೈ ಅಷ್ಟರಲ್ಲಿ ಪಕ್ಕದ ಸೀಟಿನ ಕೆಳಗೆ ಹೋಗಿತ್ತು. ಒಂದು ಕ್ಷಣ ಹಾಗೇ ಇತ್ತು. "ಇಲ್ಲೇನೋ ಬೆಚ್ಚಗಿದೆ," ಎಂದಳು.

ಹೊರಗೆ ತೆಗೆದರೆ ಬಸ್ಸಿನ ಗಂಟೆ. ಕಬ್ಬಿಣದ ಡಬ್ಬಿ, ಮೇಲೆ ಬೋಗುಣಿಯಂಥ ಕಂಚಿನ ಬಟ್ಟಲು, ಪಕ್ಕದಲ್ಲಿ ಅದನ್ನು ಬಡಿಯುವ ಪುಟ್ಟ ಸುತ್ತಿಗೆ. ಅವರ ಹಳೆಯ ಬಸ್ಸನ್ನು ಗುಜರಿಗೆ ಹಾಕಿದಾಗ ಹುಡುಕಿಕೊಂಡು ಹೋಗಿ ಕಳಚಿ ತಂದದ್ದು. ಅದರ ಗುಂಡಿಯನ್ನು ಪಕ್ಕದ ಸೀಟಿನ ಅಂಚಿಗೆ, ಕೂತವರ ಕೈಗೆ ಸಿಗುವ ಹಾಗೆ ತಾವೇ ಕೂರಿಸಿದ್ದರು. ಒತ್ತಿ ನೋಡಿದರೆ ಬಾರಿಸಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಕೆಟ್ಟಿದೆ ಎಂದುಕೊಂಡು ಚಾಪೆ ಮುಚ್ಚಿ ಬಿಟ್ಟಿದ್ದರು.

"ಬಸ್ಸಿನ ಕರೆಂಟು ಇಪ್ಪತ್ನಾಲ್ಕು ವೋಲ್ಟು ಅಣ್ಣಾ. ಇದು ಹನ್ನೆರಡರ ಕಾರು," ಎಂದಳು ಮೀಟರಮ್ಮ. ದನಿ ಸ್ವಲ್ಪ ತಗ್ಗಿತ್ತು. "ಅರ್ಧ ಕರೆಂಟಿಗೆ ಸುತ್ತಿಗೆ ಎಳಕೊಂಡು ಬಂದು ನಡುವೆ ನಿಂತುಬಿಡುತ್ತೆ. ಬಡಿಯುವಷ್ಟು ಶಕ್ತಿ ಇಲ್ಲ, ಬಿಟ್ಟು ವಾಪಸ್ ಹೋಗೋದೂ ಇಲ್ಲ. ಅಲ್ಲೇ ನಿಂತು ಕುಡೀತಾ ಇರುತ್ತೆ."

ಅದು ಹಾಗಿರಲಿ, ಗುಂಡಿಯನ್ನು ಒತ್ತಿದವರು ಯಾರು? ಅವಳು ಸೀಟನ್ನು ಮುಂದಕ್ಕೆ ತಳ್ಳಿದಳು, ಮುಳ್ಳು ಸೊನ್ನೆಗೆ ಬಿತ್ತು. ಪೂರ್ತಿ ಹಿಂದಕ್ಕೆ ಸರಿಸಿದಳು, ಸೀಟಿನ ಹಳಿ ಹೋಗಿ ಗುಂಡಿಗೆ ಒತ್ತಿಕೊಂಡಿತು, ಮುಳ್ಳು ಎದ್ದಿತು. ಮತ್ತೊಮ್ಮೆ ಮುಂದಕ್ಕೆ, ಮತ್ತೊಮ್ಮೆ ಹಿಂದಕ್ಕೆ.

"ಸೀಟು ಯಾಕೆ ಹಿಂದಕ್ಕೆ ಸರಿಸ್ತೀರಿ?"

ಡ್ರೈವರಣ್ಣ ಟವಲನ್ನು ಮಡಿಚಿದರು, ಬಿಚ್ಚಿದರು. "ಆಕೆಗೆ ಮೊಣಕಾಲು ನೋವು. ಇಡೀ ದಿನ ನಿಂತು ನಿಂತು ಬಂದದ್ದು. ಕಾಲು ಚಾಚಿ ಕೂರಲಿ ಅಂತ. ಹೋಗೋದು ತಪ್ಪಿದ ಮೇಲೆ ಮತ್ತೆ ಮುಂದಕ್ಕೆ ತಳ್ಳಿಬಿಡ್ತೀನಿ."

ತಂಗಿ ಮೂಗಿನ ತುದಿಗೆ ಬಂದಿದ್ದ ಕನ್ನಡಕ ಮೇಲೇರಿಸಿ ಒಳಗೆ ಹೋಗಿ, ಯಾರೂ ಕೇಳದಿದ್ದರೂ ಟೀ ಮಾಡಿಕೊಂಡು ಬಂದರು. ನನಗೂ ಒಂದು ಒಳ್ಳೆಯ ಕುಚೋದ್ಯದ ಮಾತು ತುದಿನಾಲಿಗೆಗೆ ಬಂದಿತ್ತು. ಟೀ ಜೊತೆ ನುಂಗಿದೆ.

ಮೀಟರಮ್ಮ ಗಂಟೆಯನ್ನು ಶೆಡ್ಡಿಗೆ ಒಯ್ದು, ಹನ್ನೆರಡಕ್ಕೆ ಹೊಂದುವಂತೆ ತಂತಿಯ ಸುರುಳಿ ಬದಲಿಸಿ ತಂದಳು. ಗುಂಡಿಯನ್ನು ಸೀಟಿನ ಹಾದಿಯಿಂದ ತೆಗೆದು, ಆ ಸೀಟಿನ ಎದುರಿಗೇ ಡ್ಯಾಷ್‌ಬೋರ್ಡಿನ ಕೆಳಗೆ ಕೂರಿಸಿ, ವೈರಿಗೊಂದು ಫ್ಯೂಸೂ ಕೊಟ್ಟಳು. "ಒತ್ತಿ ನೋಡಿ ಅಣ್ಣಾ," ಎಂದರೆ ಇವರು ಒತ್ತಲಿಲ್ಲ. "ಅದು ಡ್ರೈವರ್ ಒತ್ತೋದಲ್ಲ," ಎಂದರು. ಕೊನೆಗೆ ಅವಳೇ ಒತ್ತಿದಳು. ಠಣ್ ಎಂದಿತು. ಡ್ರೈವರಣ್ಣನ ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತಿದ್ದನ್ನು ನಾನು ಕಂಡೆ.

ಆಮೇಲೆ ಬ್ಯಾಟರಿ ಸಾಯಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಕಾರು ಮೊದಲ ತಿರುವಿಗೇ ಗುರ್ ಎಂದು ಎದ್ದಿತು. ಡ್ರೈವರಣ್ಣ ಅದನ್ನು ಓಡಿಸಿಕೊಂಡು ಸೀದಾ ನನ್ನ ಅಂಗಡಿಗೆ ಬಂದರು. "ಸುಮ್ಮನೆ ಒಮ್ಮೆ ಚಾರ್ಜ್ ನೋಡಿಬಿಡಿ." ನೋಡಿದೆ, ಭರ್ತಿ. ಅದರ ಮುಂದಿನ ಭಾನುವಾರವೂ ಬಂದರು. ನೀರು ಹಾಕಬೇಕಾ, ಟರ್ಮಿನಲ್ಲಿಗೆ ಗ್ರೀಸ್ ಹಚ್ಚಬೇಕಾ, ಆಚೆ ಊರಿನ ದಾರಿಯಲ್ಲಿ ಏರು ಇದೆ, ತಡೆಯುತ್ತದಾ. ಸಾಯುತ್ತಿದ್ದಾಗಲೇ ಆ ಬ್ಯಾಟರಿ ಅವರಿಗೆ ಹೆಚ್ಚು ಉಪಕಾರ ಮಾಡುತ್ತಿತ್ತು.

"ಡ್ರೈವರಣ್ಣ, ಕಾರಿಗೆ ಈಗ ಕಾಯಿಲೆ ಇಲ್ಲ," ಎಂದೆ. "ಇನ್ನು ನಿಮ್ಮನ್ನೇ ಚಾರ್ಜಿಗೆ ಹಾಕಬೇಕು."

"ಅಲ್ಲಿ ಹೋಗಿ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗದಿದ್ರೆ? ಆಕೆ ಮನೆ ಮುಂದೆ ತಳ್ಳಿಸೋದಾ? ನನ್ನ ಬಸ್ಸು ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ ಸಾಹುಕಾರ್ರೆ. ಆಕೆಗೆ ಅದು ಗೊತ್ತು."

ಆಗ ನನಗೆ ಹೊಳೆಯಿತು, ಈ ಮನುಷ್ಯನ ಹೆದರಿಕೆಯೆಲ್ಲ ಆಕೆಯ ಮನೆಯ ಆ ಒಂದು ಗೇಟಿನ ಮುಂದೆ ನಿಂತಿದೆ ಎಂದು. ಸತ್ತ ಬ್ಯಾಟರಿಗೆ ಇನ್ನೊಂದರಿಂದ ಜೀವ ಕೊಡುವ ಅಂಗಡಿಯ ಜಂಪರ್ ಕೇಬಲ್ ಜೊತೆಗೆ ಚಾರ್ಜ್ ತುಂಬಿದ ಇನ್ನೊಂದು ಬ್ಯಾಟರಿಯನ್ನೂ ಡಿಕ್ಕಿಯಲ್ಲಿಟ್ಟೆ. "ಇನ್ನು ನಿಮ್ಮ ಹತ್ರ ಯಾವ ನೆಪವೂ ಉಳಿದಿಲ್ಲ. ಬಳಸದೆ ವಾಪಸ್ ತಂದರೆ ವಾಪಸ್ ತಗೋತೀನಿ." ನನ್ನ ವ್ಯಾಪಾರದ ಜೀವನದಲ್ಲಿ ಮಾರಿದ್ದು ವಾಪಸ್ ಬರಲಿ ಎಂದು ಬಯಸಿದ್ದು ಅದೊಂದೇ ಸಲ.

ಹೋದರು.

ಸೋಮವಾರ ಬಂದಾಗ ಟವಲಿನಲ್ಲಿ ನನ್ನ ಬ್ಯಾಟರಿ ಇತ್ತು. ಬಳಸಿರಲಿಲ್ಲ. ಮೀಟರಮ್ಮನೂ ಬಲ್ಬು ಕೊಳ್ಳುವ ನೆಪ ಮಾಡಿಕೊಂಡು ಬಂದು ನಿಂತಿದ್ದಳು. ಸ್ಟೂಲ್ ಎಳೆದು ಕೂರಿಸಿದೆವು. ಅವಸರ ಮಾಡಿದರೆ ಬಾಯಿ ಬಿಡುವ ಜನವಲ್ಲ, ಕಾದೆವು.

"ಗೇಟ್ ಮುಂದೆ ಇಂಜಿನ್ ಆಫ್ ಮಾಡ್ಲೇ ಇಲ್ಲ," ಎಂದರು. "ಆಕೆ ಬಂದು ನೋಡಿ, ಪೆಟ್ರೋಲೇನು ಡಿಪೋದವರು ಹಾಕಿಸ್ತಾರಾ, ಆರಿಸಿ ಅಂದರು. ಆರಿಸಿದೆ. ಕಾರು ನೋಡಿ ತುಂಬಾ ನಕ್ಕರು. ಆಮೇಲೆ ಕೂತರು. ಕಾಲು ಚಾಚಿ ಆರಾಮಾಗಿ ಕೂತರು. ಕೀಲಿ ತಿರುಗಿಸಿದೆ, ಎದ್ದಿತು."

"ಏಳದೆ ಇರುತ್ತಾ?" ಎಂದಳು ಮೀಟರಮ್ಮ.

"ಊರಾಚೆ ಕೆರೆ ಏರಿ ತನಕ ಹೋಗಿ ಬಂದ್ವಿ. ಏನೂ ಮಾತಾಡ್ಲಿಲ್ಲ. ಆಕೆ ರಸ್ತೆ ನೋಡ್ತಾ ಇದ್ರು." ಡ್ರೈವರಣ್ಣ ತಮ್ಮ ಬಲಗೆನ್ನೆ ಮುಟ್ಟಿಕೊಂಡರು. "ಆಕೆಗೆ ಇಲ್ಲೊಂದು ಮಚ್ಚೆ ಇದೆ. ಇಷ್ಟು ವರ್ಷ ಎಡಗೆನ್ನೆ ಅಂದ್ಕೊಂಡಿದ್ದೆ. ಕನ್ನಡಿಯಲ್ಲಿ ನೋಡಿದ್ದಲ್ಲವಾ. ಪಕ್ಕದಲ್ಲಿ ಕೂತಾಗ ನೋಡಿದ್ರೆ ನನ್ನ ಕಡೆಯ ಕೆನ್ನೆಯಲ್ಲೇ ಇತ್ತು."

"ಗಂಟೆ ಬಾರಿಸಿದ್ರಾ?" ನಾನು ಕೇಳಿದೆ.

"ಗುಂಡಿ ನೋಡಿದ್ರು, ಮುಟ್ಟಲಿಲ್ಲ. ನಾನೂ ಹೇಳಲಿಲ್ಲ. ವಾಪಸ್ ಗೇಟ್ ಹತ್ರ ಬಂದು ನಿಲ್ಲಿಸಿದೆ. ಇಳಿದರು. ಒಂದು ಮಾತು ಹೇಳಬೇಕು ಅಂತಿದ್ದೆ. ದಾರಿಯಲ್ಲೆಲ್ಲ ಜೋಡಿಸಿ ಇಟ್ಕೊಂಡಿದ್ದೆ. ಆಕೆ ಬಾಗಿಲು ಹಾಕಿ, ಕಿಟಕಿಯಿಂದ ಕೈ ಒಳಗೆ ಹಾಕಿ ಗುಂಡಿ ಒತ್ತಿದ್ರು." ಬೀದಿ ಕಡೆ ತಿರುಗಿದರು. "ಎರಡು ಸಲ."

"ಅದಕ್ಕೆ?"

"ಅದಕ್ಕೆ ಇನ್ನೇನು. ಹೊರಟೆ."

"ಅಣ್ಣಾ, ಅದು ತಮಾಷೆಗೆ ಒತ್ತಿದ್ದಿರಬಹುದು," ಎಂದಳು ಮೀಟರಮ್ಮ.

"ಇರಬಹುದು. ಆದ್ರೆ ಎರಡು ಬಾರಿಸಿದ ಮೇಲೆ ನಿಂತು ನನಗೆ ಅಭ್ಯಾಸ ಇಲ್ಲಮ್ಮ. ಸೇತುವೆ ಹತ್ರ ಬಂದಮೇಲೆ ಗೊತ್ತಾಯ್ತು ಹೊರಟುಬಿಟ್ಟಿದ್ದೀನಿ ಅಂತ. ಕನ್ನಡಿ ನೋಡಿದೆ. ಹಿಂದೆ ಸೀಟೇ ಇಲ್ಲ, ಯಾರು ಕಾಣ್ತಾರೆ."

ನಾನು ಬ್ಯಾಟರಿಯನ್ನು ಟವಲಿನಿಂದ ಬಿಚ್ಚಿ ಚಾರ್ಜಿಗೆ ಹಾಕಿದೆ. ಅದಕ್ಕೇನೂ ಬೇಕಾಗಿರಲಿಲ್ಲ, ನನ್ನ ಕೈಗೆ ಒಂದು ಕೆಲಸ ಬೇಕಿತ್ತು. ಡ್ರೈವರಣ್ಣ ಹೊರಡಲು ಎದ್ದವರು ಬಾಗಿಲಲ್ಲಿ ತಿರುಗಿ ನಿಂತರು.

"ತಾಯಿ, ಒಂದು ಕೇಳ್ತೀನಿ, ನಗಬೇಡ. ಎಷ್ಟು ಸಲ ಒತ್ತಿದ್ರೂ ಒಂದೇ ಸಲ ಬಾರಿಸೋ ಹಾಗೆ ಆ ಗಂಟೆಗೆ ಏನಾದ್ರೂ ಮಾಡೋಕಾಗುತ್ತಾ?"

ಮೀಟರಮ್ಮ ನಗಲಿಲ್ಲ. ಕೊರಳ ಮೀಟರಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸಿದಳು. "ಮಾಡಬಹುದು ಅಣ್ಣಾ. ಒಂದು ರಿಲೇ ಹಾಕಿದ್ರೆ ಆಯ್ತು. ಆದ್ರೆ ಮಾಡಲ್ಲ. ಮುಂದಿನ ಭಾನುವಾರ ಹೋದಾಗ ಒಂದು ಬಾರಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ."

"ಕೇಳೋದು," ಎಂದರು ಡ್ರೈವರಣ್ಣ. ಆ ಶಬ್ದವನ್ನು ಗಟ್ಟಿಯಿದೆಯಾ ಎಂದು ತಟ್ಟಿ ನೋಡುವವರ ಹಾಗೆ ಇನ್ನೊಮ್ಮೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಬ್ಯಾಟರಿ ಬೇರೆ ಯಾರಿಗೂ ಮಾರಬೇಡಿ ಸಾಹುಕಾರ್ರೆ. ಶನಿವಾರ ಬಂದು ಒಯ್ತೀನಿ," ಎಂದರು.

ಹೊರಗೆ ಹಳದಿ ಕಾರಿನ ಬಾಗಿಲು ತೆಗೆದು, ಮಲಗುವವರ ಹಾಗೆ ಒಳಗೆ ಜಾರಿದರು. ಪಕ್ಕದ ಸೀಟು ಪೂರ್ತಿ ಹಿಂದಕ್ಕೇ ಇತ್ತು, ಅವರು ಅದನ್ನು ಮುಂದಕ್ಕೆ ಸರಿಸಿರಲಿಲ್ಲ.